ಅವ್ವನಿಗೆ ಬಂದ ಮುಯ್ಯಾಳುಗಳು

ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ವಾಪಸು ಬರುತ್ತಿದ್ದೆ. ನಾಲೆ ಏರಿ ದಾಟಿ ಬೋರೇಗೌಡನ ಗದ್ದೆಯ ತಿರುವಿಗೆ ಬಂದಾಗ ಒಟ್ಲು ಕೀಳುವ ವಾಸನೆ ಮೂಗಿಗೆ ಹೊಡೆಯಿತು. ಒಟ್ಲು ಅಂದರೆ ಭತ್ತದ ಸಸಿಮಡಿ. ಅಲ್ಲಿ ಒತ್ತೊತ್ತಾಗಿ ಬೆಳೆದ ಪೈರನ್ನು ಕಿತ್ತು, ಬೇರು ತೊಳೆದು, ಕಟ್ಟು ಕಟ್ಟಿ, ದೊಡ್ಡ ಗದ್ದೆಗೆ ಒಯ್ದು ನಾಟಿ ಮಾಡುತ್ತಾರೆ. ಹಸಿ ಬೇರು, ಕೊಳೆತ ಹೊಂಗೆಸೊಪ್ಪು, ಕೆಸರು ಎಲ್ಲ ಬೆರೆತ ಆ ವಾಸನೆಗೆ ಪಟ್ಟಣದ ನೆಂಟರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಅವ್ವನ ಸೆರಗಿನ ವಾಸನೆ. ಮೊಪೆಡ್ಡು ನಿಲ್ಲಿಸಿ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತೆ. ನಿಲ್ಲುವುದೇ ನನ್ನ ಕೆಲಸ ಬಿಡಿ. ಕಬ್ಬಿನ ಲಾರಿಗಳ ತೂಕ ಬರೆದುಕೊಂಡೇ ರಿಟೈರಾದ ಗುಮಾಸ್ತ ನಾನು. ಗದ್ದೆಗೆ ಇಳಿದದ್ದಕ್ಕಿಂತ ಬದುವಿನ ಮೇಲೆ ನಿಂತು ‘ಅಲ್ಲೊಂದು ಸಾಲು ಸೊಟ್ಟ ಆಯ್ತು’ ಎಂದದ್ದೇ ಹೆಚ್ಚು.

ಹಾಗೆ ನಿಂತವನಿಗೆ ಅವ್ವ ನೆನಪಾದಳು. ಮನೆಯಲ್ಲಿ ಜಗಲಿಯ ಮೇಲೆ ಕೂತಿರುವವಳನ್ನು ನೆನಪು ಮಾಡಿಕೊಳ್ಳುವುದೇನು ಬಂತು ಎಂದು ನೀವು ಕೇಳಬಹುದು. ನಿಮ್ಮ ಮನೆಯಲ್ಲಿ ಮರೆವಿನ ಕಾಯಿಲೆಯವರು ಇದ್ದರೆ ಕೇಳುವುದಿಲ್ಲ. ಅವರು ಎದುರಿಗೇ ಇರುತ್ತಾರೆ, ನಾವು ಅವರನ್ನು ನೆನೆಸಿಕೊಳ್ಳುತ್ತಲೇ ಇರುತ್ತೇವೆ.

ಪಾಂಡವಪುರದ ಸುತ್ತಿನ ಏಳೆಂಟು ಹಳ್ಳಿಗಳಲ್ಲಿ ನಾಟಿ ಎಂದರೆ ನಮ್ಮವ್ವನ ಹೆಸರೇ ಬರುತ್ತಿತ್ತು. ಅವಳ ಹಿಂದೆ ಹದಿನೈದು ಹೆಂಗಸರ ಗುಂಪು. ಅವಳು ಬಗ್ಗಿದರೆ ಗದ್ದೆಯ ಒಂದು ಮಡಿ ಪೂರ್ತಿ ಮುಗಿದ ಮೇಲೆಯೇ ಸೊಂಟ ನೆಟ್ಟಗಾಗುತ್ತಿದ್ದದ್ದು. ಅವಳು ಕಟ್ಟಿದ ಪೈರಿನ ಕಟ್ಟನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಬೇರಲ್ಲಿ ಒಂದು ಚಿಟಿಕೆ ಮಣ್ಣಿರುತ್ತಿರಲಿಲ್ಲ, ಹುಲ್ಲಿನ ಗಂಟು ಎಡಕ್ಕೆ ತಿರುಗಿರುತ್ತಿತ್ತು. ಅವಳ ಬಾಯಿಯೂ ಅಷ್ಟೇ ಬಿಗಿ. ಯಾರನ್ನೂ ಹೊಗಳಿದವಳಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಓಡಿ ಬಂದು ಹೇಳಿದಾಗ, “ಸರಿ, ಎಮ್ಮೆ ಮೈ ತೊಳ್ಕೊಂಡ್ ಬಾ ಓಗು” ಎಂದಳು. ಮುಗಿಯಿತು ನನ್ನ ಸನ್ಮಾನ ಸಮಾರಂಭ.

ಇಂಥವಳ ಕೈಗೆ ಸಿಕ್ಕಿದವಳು ನನ್ನ ಹೆಂಡತಿ ಜಯಮ್ಮ. ಅವಳ ತವರು ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಕಡೆ. ರಾಗಿ, ಹುರುಳಿ, ಅವರೆಯ ಸೀಮೆ. ಮದುವೆಯಾಗಿ ಬಂದ ಮೊದಲ ನಾಟಿಯಲ್ಲಿ ಕೆಸರಿಗೆ ಇಳಿದವಳು ಕಾಲು ಕೀಳಲಾರದೆ ಅಲ್ಲೇ ಕೂತುಬಿಟ್ಟಳಂತೆ. ಅವ್ವ ಹದಿನೈದು ಹೆಂಗಸರ ಮುಂದೆ, “ಎದ್ದೇಳವ್ವ, ಇದೇನು ನಿಮ್ಮೂರ ರಾಗಿ ಹೊಲವಾ ಕುಂತ್ಕೊಳ್ಳಕೆ?” ಎಂದಳು. ಜಯಮ್ಮ ಅತ್ತಳು, ಎದ್ದಳು, ಕಲಿತಳು. ನಾಲ್ಕೇ ವರ್ಷಕ್ಕೆ ಅತ್ತೆಯ ಪಕ್ಕದ ಸಾಲು ಅವಳದಾಯಿತು. ಚೆನ್ನಾಗಿ ನೆಡುತ್ತಾಳೆ ಎಂದು ಅವ್ವ ಒಂದು ದಿನಕ್ಕೂ ಹೇಳಲಿಲ್ಲ. ಪಕ್ಕದ ಸಾಲು ಕೊಟ್ಟದ್ದೇ ಸಾಕೆಂದು ಅವಳ ಲೆಕ್ಕ ಇದ್ದಿರಬೇಕು.

ಈ ನಾಟಿ ಹೆಂಗಸರಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಇದೆ. ಇವತ್ತು ನಾನು ನಿನ್ನ ಗದ್ದೆಗೆ ಬರುತ್ತೇನೆ, ನಾಳೆ ನೀನು ನನ್ನ ಗದ್ದೆಗೆ ಬಾ. ಕೂಲಿಯಿಲ್ಲ, ಬರಹವಿಲ್ಲ. ಯಾರ ಮನೆಗೆ ಯಾರು ಎಷ್ಟು ದಿನ ಹೋದರೆಂಬುದು ಅವರ ಅವರ ತಲೆಯಲ್ಲೇ ಇರುತ್ತದೆ. ಈಗ ಟೆಂಪೋದಲ್ಲಿ ಬರುವ ಗುತ್ತಿಗೆ ಗುಂಪುಗಳೇ ಹೆಚ್ಚಾಗಿ ಮುಯ್ಯಾಳು ಅಪರೂಪವಾಗಿದೆ. ಆದರೆ ನಮ್ಮ ಅವ್ವನ ತಲೆಯಲ್ಲಿ ಊರಿನ ಅರ್ಧ ಮನೆಗಳ ಮುಯ್ಯಾಳಿನ ದಿನಗಳು ಇದ್ದವು. ಅಷ್ಟು ನೆನಪಿನ ತಲೆಗೇ ಆ ಕಾಯಿಲೆ ಬರಬೇಕೆ ಎಂದು ನಾನು ದೇವರ ಮೇಲೆ ಬಹಳ ಸಲ ಸಿಟ್ಟಾಗಿದ್ದೇನೆ.

ಶುರುವಾದದ್ದು ಸಣ್ಣದಾಗಿ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ, “ಇವತ್ತು ಕಾಪಿ ಕೊಡಕ್ಕಿಲ್ವೇನವ್ವ?” ಎನ್ನುತ್ತಿದ್ದಳು. ಬೀದಿಯ ಕೊನೆಯಲ್ಲಿ ನಿಂತು ಮನೆ ಯಾವ ಕಡೆ ಎಂದು ಯೋಚಿಸುತ್ತಿದ್ದಳು. ವಯಸ್ಸಾಯಿತು, ಅರಳುಮರಳು ಎಂದು ನಾವೂ ಸುಮ್ಮನಿದ್ದೆವು. ಒಂದು ದಿನ ನನ್ನನ್ನೇ ನೋಡಿ, “ನೀವು ಯಾವೂರ್ ಕಡೆಯೋರಪ್ಪ?” ಎಂದಳು. ಮಾರನೆಯ ದಿನವೇ ಮೈಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ತಾಳ್ಮೆಯಿಂದ ಹೇಳಿದರು: ಇದು ವಯಸ್ಸಿನ ಮರೆವಲ್ಲ, ಮಿದುಳಿನ ಕಾಯಿಲೆ, ಡಿಮೆನ್ಶಿಯಾ ಅಂತಾರೆ, ವಾಸಿ ಮಾಡುವುದಕ್ಕೆ ಆಗುವುದಿಲ್ಲ, ನೋಡಿಕೊಳ್ಳುವವರು ಚೆನ್ನಾಗಿದ್ದರೆ ಇವರೂ ಚೆನ್ನಾಗಿರುತ್ತಾರೆ. ಆ ಕೊನೆಯ ಮಾತು ಆಗ ನನ್ನ ಕಿವಿಗೆ ಬೀಳಲೇ ಇಲ್ಲ. ವಾಪಸು ಬರುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ಊರಿಗೆ ಗೊತ್ತಾಗಬಾರದು.

ಯಾಕೆ ಅಂದರೆ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ‘ಆ ಮನೇಲಿ ತಲೆ ಕೆಟ್ಟೋರವ್ರಂತೆ’ ಎಂಬ ಒಂದು ಮಾತು ಕೆ.ಆರ್. ಪೇಟೆ ಸಂತೆಯಲ್ಲಿ ಹುಟ್ಟಿದರೆ ಮಧ್ಯಾಹ್ನದೊಳಗೆ ನಮ್ಮೂರಿಗೆ ಬಂದು ಊಟಕ್ಕೆ ಕೂತಿರುತ್ತದೆ. ಅದಕ್ಕೇ ಅವ್ವನನ್ನು ಬಚ್ಚಿಟ್ಟೆವು. ಅವ್ವನಿಗೆ ಮಂಡಿನೋವು, ಎದ್ದು ಓಡಾಡಲಾರಳು ಎಂದು ಊರಿಗೆಲ್ಲ ಹೇಳಿದೆ. ಒಂದು ಸಲ ಕೆ.ಆರ್. ಪೇಟೆಯಿಂದಲೇ ಗಂಡಿನ ಕಡೆಯವರು ಬಂದಿದ್ದರು. ಅವ್ವನನ್ನು ಹಿಂದಿನ ಕೋಣೆಗೆ ಕೂರಿಸಿ ಚಿಲಕ ಹಾಕಿದ್ದೆ. ಉಪ್ಪಿಟ್ಟು ತಿನ್ನುವಾಗ ಒಳಗಿಂದ ಬಾಗಿಲು ಬಡಿಯುವ ಸದ್ದು. ಬಂದವರು ತಲೆ ಎತ್ತಿದರು. “ಕರು ಕಣ್ರೀ. ಒದೀತದೆ,” ಎಂದೆ. ನಗುತ್ತಾ ಹೇಳಿದೆ ಬೇರೆ. ಅವರು ಹೋದ ಮೇಲೆ ಜಯಮ್ಮ ಚಿಲಕ ತೆಗೆದು, ಅಳುತ್ತಿದ್ದ ಅವ್ವನ ಮುಖ ಒರೆಸಿ, ನನ್ನ ಕಡೆ ತಿರುಗಿ, “ಹೆತ್ತವ್ವನ್ನ ಕರು ಅಂದ್ಬುಟ್ರಲ್ಲ” ಎಂದಳು. ಇಷ್ಟೇ. ಆ ಸಂಬಂಧ ಜಾತಕ ಕೂಡದೆ ಹೋಯಿತು. ಆ ಮಾತು ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ.

ಅವ್ವನನ್ನು ಬಚ್ಚಿಟ್ಟ ಮೇಲೆ ಅವಳ ಜೊತೆ ಜಯಮ್ಮನೂ ಒಳಗಾದಳು. ನಾಲ್ಕು ವರ್ಷ. ನಾಟಿಯಿಲ್ಲ, ಮದುವೆ ಮುಂಜಿಯಿಲ್ಲ. ಬಸ್ಸು ಬದಲಾಯಿಸಿ ಹೋದರೂ ಹೊಣಕೆರೆ ಎರಡೇ ಗಂಟೆಯ ದಾರಿ. ಅಲ್ಲಿ ಅವಳ ತಾಯಿ ಸೊಂಟ ಮುರಿದುಕೊಂಡು ಮಲಗಿದ್ದರು. ಹಾಸಿಗೆಯಿಂದಲೇ ಫೋನು ಮಾಡಿ, “ನಾಕ್ ದಿನ ಬಂದು ನನ್ ತಾವ ಇದ್ದು ಓಗೇ ಜಯ” ಎನ್ನುತ್ತಿದ್ದರು. “ಬತ್ತೀನಿ ಕಣವ್ವ, ಈ ತಿಂಗ್ಳು ಕಳೀಲಿ” ಎನ್ನುತ್ತಿದ್ದಳು ಇವಳು. ತಿಂಗಳುಗಳು ಕಳೆದವು. ನೀನಿದ್ದೆಯಲ್ಲಯ್ಯಾ ಎನ್ನುತ್ತೀರಿ. ಇದ್ದೆ. ಆದರೆ ಅವ್ವ ನನ್ನ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳುತ್ತಿರಲಿಲ್ಲ, ನಾನು ಕಲಸಿದ ಅನ್ನ ತಿನ್ನುತ್ತಿರಲಿಲ್ಲ. ಅದನ್ನೇ ನೆಪ ಮಾಡಿಕೊಂಡು ನಾನು ಅರಳಿಕಟ್ಟೆಯಲ್ಲಿ ಪೇಪರು ಓದಿದೆ. ನಾಲ್ಕು ದಿನದ ತವರಿಗಾಗಿ ಹೆಂಡತಿ ಸೊರಗುತ್ತಿದ್ದದ್ದು ಕಾಣುತ್ತಿತ್ತು. ಕಂಡೂ ಪೇಪರು ಓದಿದೆ.

ಆಮೇಲೆ ಆ ಬೆಳಿಗ್ಗೆ ಬಂತು. ನಾಟಿಯ ಕಾಲ. ರಾತ್ರಿಯೆಲ್ಲ ಅವ್ವನ ಜೊತೆ ಎದ್ದಿದ್ದ ಜಯಮ್ಮ ಬೆಳಗಿನ ಜಾವ ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋಗಿದ್ದಳು. ಚಿಲಕ ಹಾಕಿರಲಿಲ್ಲ. ನಾನು ಎದ್ದು ನೋಡುವಷ್ಟರಲ್ಲಿ ಅವ್ವನ ಹಾಸಿಗೆ ಖಾಲಿ. ಪಕ್ಕದಲ್ಲೇ ತುಂಬಿ ಹರಿಯುವ ನಾಲೆ. ಒಂದು ದಿಕ್ಕಿಗೆ ಜಯಮ್ಮ ಓಡಿದಳು, ಇನ್ನೊಂದು ದಿಕ್ಕಿಗೆ ನಾನು. ಅಷ್ಟರಲ್ಲಿ ಬೋರೇಗೌಡನ ಕೂಗು ಊರಿಗೇ ಕೇಳಿಸಿತು.

“ಯಾವನ್ಲಾ ಅವ್ನು! ಗಂಡಸಾದ್ರೆ ಮುಂದಕ್ಕೆ ಬರ್ಲಾ! ನೆಟ್ಟ ಪೈರಿಗೆ ಕೈ ಆಕಿವ್ನಲ್ಲ, ಅವ್ನ ವಂಸ ಉದ್ಧಾರ ಆದದಾ?”

ಹಿಂದಿನ ದಿನ ತಾನೇ ನಾಟಿಯಾಗಿದ್ದ ಅವನ ಮಡಿಯಲ್ಲಿ ಅರ್ಧಕ್ಕರ್ಧ ಪೈರು ಕಿತ್ತು ಹೋಗಿತ್ತು. ನಮ್ಮ ಕಡೆ ಬೆಳೆಗೆ ಕೈ ಹಾಕುವುದೆಂದರೆ ಹಗೆಯ ಕೊನೆಯ ಮೆಟ್ಟಿಲು. ನೀರಿನ ಸರದಿಗಾಗಿ ಅವನಿಗೂ ನನಗೂ ಎರಡು ವರ್ಷದಿಂದ ಮಾತಿರಲಿಲ್ಲ. ಅವನ ಕಣ್ಣು ನೇರ ನನ್ನ ಮೇಲೆ ಬಿತ್ತು. ಜನ ಸೇರಿದರು. “ನೀನೇ ಅಲ್ವೇನ್ಲಾ ಮಾಡ್ಸಿರೋದು? ಒಪ್ಕೊಂಬುಡು!” ಎಂದು ಎದೆಗೆ ಬಂದ. ಬದುವಿನ ಮೇಲೆ ನಾಲೆಯ ಕಡೆ ಹೋಗದೆ ಆಚೆಗೆ ತಿರುಗಿದ್ದ ಅವ್ವನ ಪುಟ್ಟ ಹೆಜ್ಜೆಯ ಗುರುತು ನೋಡಿ ನನಗೆ ವಿಷಯ ಗೊತ್ತಾಗಿಬಿಟ್ಟಿತ್ತು. ಅವ್ವ ಜೀವಂತವಾಗಿದ್ದಾಳೆ ಎಂದು ಒಳಗೊಳಗೇ ಕೈ ಮುಗಿದೆ. ಆದರೆ ಬಾಯಿ ಬಿಡಲಿಲ್ಲ. ಹಗೆಯವನು ಅನ್ನಿಸಿಕೊಂಡರೂ ಊರಲ್ಲಿ ಒಂದು ಮರ್ಯಾದೆಯಿದೆ, ಹುಚ್ಚಿಯ ಮಗ ಅನ್ನಿಸಿಕೊಂಡರೆ ಇಲ್ಲ ಎಂದು ನನ್ನ ಗುಮಾಸ್ತನ ತಲೆ ತೂಕ ಹಾಕುತ್ತಿತ್ತು. ತಪ್ಪು ಕಾಣಿಕೆಯೆಂದು ದಂಡ ಕಟ್ಟಿಬಿಡೋಣ, ವಿಷಯ ಮುಚ್ಚಿಹೋಗಲಿ ಎಂದು, “ಆಯ್ತು ಕಣಪ್ಪ, ಏನೋ ಕೆಟ್ಟ ಗಳಿಗೆ…” ಎಂದು ಶುರುಮಾಡಿಯೂ ಬಿಟ್ಟೆ. ಮಾಡದ ಹಗೆಯನ್ನು ಒಪ್ಪಿಕೊಳ್ಳಲು ಹೊರಟ ಗಂಡಸು ಮಂಡ್ಯ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

“ನೀವು ಸುಮ್ಕಿರಿ,” ಎಂಬ ದನಿ ಹಿಂದಿನಿಂದ ಬಂತು.

ಜಯಮ್ಮ ಬದುವಿನ ಮೇಲೆ ಬರುತ್ತಿದ್ದಳು. ಅವಳ ಕೈ ಹಿಡಿದು ಅವ್ವ. ಮಂಡಿಯವರೆಗೆ ಕೆಸರು, ಸೀರೆ ಎತ್ತಿ ಕಟ್ಟಿದ್ದಳು, ಮುಖದಲ್ಲಿ ಕೆಲಸ ಮುಗಿಸಿದವಳ ನೆಮ್ಮದಿ. ಆಚೆ ಬದುವಿನ ಮರೆಯಲ್ಲಿ ಸೊಪ್ಪಿನ ನೆರಳಿಗೆ ಕಿತ್ತ ಪೈರನ್ನೆಲ್ಲ ಸಾಲಾಗಿ ಜೋಡಿಸಿ ಕೂತಿದ್ದಳಂತೆ. ಜಯಮ್ಮ ಒಂದು ಕಟ್ಟನ್ನು ಎತ್ತಿಕೊಂಡು ಬಂದಿದ್ದಳು. ಅದನ್ನು ಬೋರೇಗೌಡನ ಮುಂದೆ ಹಿಡಿದಳು.

“ನೋಡಿ ಗೌಡ್ರೆ. ಹಗೆ ಸಾಧಿಸೋರು ಪೈರು ಕಿತ್ತು ಬೇರು ತೊಳೀತಾರಾ? ಕಟ್ಟು ಕಟ್ತಾರಾ? ನೆಳ್ಳಲ್ಲಿ ಮಡಗ್ತಾರಾ?”

ಅವಳೇ ಮುಂದುವರಿಸಿದಳು.

“ನಮ್ಮತ್ತೆಗೆ ಮರೆವಿನ ಕಾಯ್ಲೆ. ನಾಕ್ ವರ್ಸ ಆಯ್ತು. ಮಂಡಿನೋವು ಅಂತ ಹೇಳಿದ್ದು ಸುಳ್ಳು. ನಿಮ್ ಗದ್ದೇನ ಒಟ್ಲು ಅಂದ್ಕೊಂಡವ್ರೆ ಅಷ್ಟೇಯ. ಬೆಳಿಗ್ಗೆ ಎದ್ದು ಕೆಲ್ಸಕ್ಕೆ ಬಂದವ್ರೆ. ಬೈಯಂಗಿದ್ರೆ ನನ್ನ ಬೈರಿ, ನಾನು ನಿದ್ದೆ ಓಗ್ಬುಟ್ಟೆ. ಬಚ್ಚಿಟ್ಟೂ ಬಚ್ಚಿಟ್ಟೂ ನಂಗೆ ಸಾಕಾಗೋಗದೆ. ಇನ್ನ ನನ್ ಕೈಲಿ ಆಗಕ್ಕಿಲ್ಲ.”

ಅಷ್ಟು ಜನರ ಮುಂದೆ ಅವಳ ದನಿ ಒಂದು ಚೂರೂ ನಡುಗಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತಿದ್ದವನು ನಾನು ತಲೆ ಎತ್ತಿದೆ. ಅವಳು ನನ್ನ ಹೆಂಡತಿ ಎಂದು ಆ ಕ್ಷಣದಲ್ಲಿ ಬಂದ ಹೆಮ್ಮೆ ನಮ್ಮ ಮದುವೆಯ ದಿನವೂ ಬಂದಿರಲಿಲ್ಲ. ಯಾವ ಮುಲಾಜೂ ಇಲ್ಲದೆ ಹೇಳುತ್ತಿದ್ದೇನೆ.

ಅವ್ವನ ಹಳೆಯ ಗುಂಪಿನ ಚಿಕ್ಕತಾಯಮ್ಮ ಮುಂದೆ ಬಂದು ಆ ಕಟ್ಟನ್ನು ಕೈಗೆ ತೆಗೆದುಕೊಂಡಳು. ಗಂಟು ತಿರುಗಿಸಿ ನೋಡಿದಳು. “ಅಕ್ಕನ್ ಕಟ್ಟೇಯ,” ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಹೆಂಗಸರ ಕಡೆ ತಿರುಗಿ ಜೋರು ಮಾಡಿದಳು: “ಏನ್ ನೋಡ್ತಾ ನಿಂತ್ಕಂಡ್ರಿ? ಬೇರು ಇನ್ನಾ ಹಸಿ ಐತೆ. ನಮ್ಮೆಲ್ಲರ ಮನೆಗೂ ಅಕ್ಕ ಮುಯ್ಯಾಳು ಬಂದವ್ಳೆ, ನಾವು ತಿರ್ಗ ಒಂದಿನಾನಾದ್ರೂ ಓಗಿದ್ದೀವಾ? ಇಳೀರಿ ಗದ್ದೆಗೆ!”

ಹನ್ನೊಂದು ಹೆಂಗಸರು ಇಳಿದರು. ಅವ್ವನನ್ನೂ ನಡುವೆ ಇಳಿಸಿಕೊಂಡರು. ಬಿಸಿಲು ಏರುವ ಮೊದಲೇ ಮಡಿ ಮತ್ತೆ ಹಸಿರಾಯಿತು. ಬೋರೇಗೌಡ ಬದುವಿನ ಮೇಲೆ ನನ್ನ ಪಕ್ಕದಲ್ಲೇ ನಿಂತಿದ್ದ. “ಯೋಳ್ಬಾರ್ದಾಗಿತ್ತೇನ್ಲಾ ನನ್ ತಾವ?” ಎಂದ. ಎರಡು ವರ್ಷದಿಂದ ಮಾತು ಬಿಟ್ಟವನ ಹತ್ತಿರ ಹೇಗೆ ಹೇಳುವುದು ಮಹಾರಾಯ ಎನ್ನಬೇಕೆನಿಸಿತು. ಈಗ ಅವನು ಪ್ರತಿ ಸಲ ಒಟ್ಲು ಹಾಕುವಾಗ ಒಂದು ಸಣ್ಣ ಮಡಿಗೆ ಹೆಚ್ಚಿಗೆ ಬೀಜ ಚೆಲ್ಲುತ್ತಾನೆ. ಅದು ಅವ್ವ ಕೀಳುವುದಕ್ಕೆ. “ಕಿತ್ಕಳ್ಳಿ ಬುಡ್ಲಾ, ಅವ್ವಂಗೂ ಒತ್ತು ಓಗ್ಬೇಕಲ್ಲ,” ಎನ್ನುತ್ತಾನೆ.

ಮಾರನೆಯ ದಿನದಿಂದ ಮನೆಗೆ ಮುಯ್ಯಾಳುಗಳು ಬರತೊಡಗಿದರು. ದಿನಕ್ಕೊಬ್ಬಳು, ಬೆಳಗಿನ ಊಟ ಮುಗಿಸಿಕೊಂಡು ಬಂದು ಮಧ್ಯಾಹ್ನದವರೆಗೆ ಅವ್ವನ ಜೊತೆ ಕೂರುವುದು. ಹುರುಳಿ ಹಸನು ಮಾಡುತ್ತಾ, ಅವ್ವ ಕೇಳಿದ್ದನ್ನೇ ಕೇಳಿದರೂ ಹೂಂಗುಟ್ಟುವುದು. ಮೊದಲ ದಿನ ಜಯಮ್ಮ ಆ ಹೊತ್ತಿನಲ್ಲಿ ಮಾಡಿದ್ದು ನಿದ್ದೆ. ಬರೀ ನಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಮಲಗಿದವಳ ಮೂಗಿನ ಹತ್ತಿರ ನಾನು ಎರಡು ಸಲ ಕೈ ಹಿಡಿದು ನೋಡಿದೆ.

ಹೀಗೆ ಬಂದು ಕೂತ ಹೆಂಗಸರು ಒಬ್ಬೊಬ್ಬರೇ ಬಾಯಿ ಬಿಟ್ಟರು. ನಮ್ಮಣ್ಣನ ಮನೆಯಲ್ಲೂ ಹೀಗೇ ಒಬ್ಬರಿದ್ದಾರೆ, ನಮ್ಮ ಸೋದರತ್ತೆಯೂ ಹೀಗೇ. ನಾಟಿ ಹೆಂಗಸರನ್ನು ಊರಿಂದೂರಿಗೆ ಕರೆದೊಯ್ಯುವ ಟೆಂಪೋದ ಸಾದಿಕ್ ಶ್ರೀರಂಗಪಟ್ಟಣದವನು. ಅವನೂ ಒಂದು ದಿನ ಜಗಲಿಯ ಮೇಲೆ ಕೂತು ಹೇಳಿದ: “ನಮ್ಮ ಅಮ್ಮೀದೂ ಇದೇ ಕಥೆ ಅಕ್ಕಾ. ಅಬ್ಬಾ ತೀರ್ಕೊಂಡು ಎಷ್ಟೋ ವರ್ಷ ಆಯ್ತು, ದಿನಾ ಅವ್ರಿಗೆ ತಟ್ಟೆ ಹಾಕಿ ಕಾಯ್ತಾಳೆ. ನಾವು ಗಾಳಿ ಗೀಳಿ ಅಂತ ತಾಯತ ಕಟ್ಟಿಸ್ಕೊಂಡು ತಿರುಗಿದ್ವಿ. ಬೀವಿ ತವರಿಗೆ ಹೋಗಿ ಕೂತ್ಬಿಟ್ಳು, ನನ್ ಕೈಲಿ ಆಗಲ್ಲ ಅಂತ.” ಜಯಮ್ಮ ಅವನಿಗೆ ಕಾಫಿ ಕೊಟ್ಟು, “ತಟ್ಟೆ ಯಾಕಿಡ್ತೀಯ ಅಂತ ಕೇಳ್ಬೇಡ ಕಣಪ್ಪ. ನೀನೂ ಒಂದು ತಟ್ಟೆ ಇಟ್ಕೊಂಡು ಅವ್ರ ಜೊತೆ ಕುಂತ್ಕೊ,” ಎಂದಳು. ಹದಿನೈದು ದಿನ ಬಿಟ್ಟು ಬಂದವನು, ಅಮ್ಮೀ ಈಗ ಹೊಟ್ಟೆ ತುಂಬ ತಿನ್ನುತ್ತಾಳೆ, ಹೆಂಡತಿಯೂ ಬಂದಿದ್ದಾಳೆ ಎಂದ.

ಎಲ್ಲ ಊರಲ್ಲೂ ಮುಯ್ಯಾಳು ಸಿಗುವುದಿಲ್ಲ, ಕೂಲಿ ಬಿಟ್ಟು ಬರಲಾಗದ ಹೆಂಗಸರೇ ಹೆಚ್ಚು. ಅಂಥ ಕಡೆ ಕೂರುವವಳಿಗೆ ದಿನದ ಕೂಲಿ ಕೊಡಬೇಕು, ಬಡವರಿಗೆ ಡಾಕ್ಟರ ಖರ್ಚು, ಔಷಧಿ. ಅದಕ್ಕೆ ದುಡ್ಡು ಬೇಕು. ಆಗ ನನ್ನೊಳಗಿನ ಮುಖಂಡ ಎದ್ದ. ಸಮಿತಿ ಮಾಡಿದೆ. ನಾನೇ ಕಾರ್ಯದರ್ಶಿ. ಕರಪತ್ರ, ಶಾಮಿಯಾನ, ಮೈಕು, ಮುಖ್ಯ ಅತಿಥಿ, ಅವರ ಹಿಂದೆ ಬಂದವರಿಗೂ ಶಾಲು. ಪಾಂಡವಪುರದಲ್ಲಿ ನಡೆದ ಆ ಭರ್ಜರಿ ಸಮಾರಂಭದಲ್ಲಿ ನಾನು ಮುಕ್ಕಾಲು ಗಂಟೆ ಸ್ವಾಗತ ಭಾಷಣ ಮಾಡಿದೆ. ಬಂದ ಹಣದಲ್ಲಿ ಶಾಮಿಯಾನದವನಿಗೂ ಹಾರದವನಿಗೂ ಕೊಟ್ಟ ಮೇಲೆ ಉಳಿದದ್ದು ಸಮಿತಿಯವರ ಟೀ ಖರ್ಚಿಗೆ ಸರಿಹೋಯಿತು. ಸಂಜೆ ಜಯಮ್ಮ ನನ್ನ ಕೊರಳಿನ ಹಾರ ತೆಗೆದು ಹಸುವಿಗೆ ಹಾಕಿದಳು.

ದಾರಿ ಹುಡುಕಿದವರು ಆ ಹೆಂಗಸರೇ. ಅರಳಿಕಟ್ಟೆಯಲ್ಲಲ್ಲ, ಗದ್ದೆಯಲ್ಲಿ. ಪ್ರತಿ ನಾಟಿ ಗುಂಪೂ ಹಂಗಾಮಿಗೆ ಒಂದು ಮಡಿಯನ್ನು ‘ಅವ್ವನ ಮಡಿ’ ಎಂದು ನೆಡುವುದು, ಆ ಗುತ್ತಿಗೆಯ ಕೂಲಿಯನ್ನು ಈ ಕೆಲಸಕ್ಕೆ ಬಿಡುವುದು. ಗದ್ದೆಯವನಿಗೆ ಮೊದಲೇ ಹೇಳುವುದು. ಹೇಳಿದರೆ ನಾಚಿಕೊಂಡಾದರೂ ಅವನು ಮೇಲೊಂದಿಷ್ಟು ಸೇರಿಸಿ ಕೊಡುತ್ತಿದ್ದ. ಸಾದಿಕ್ ತನ್ನ ಸ್ಟ್ಯಾಂಡಿನ ಟೆಂಪೋದವರನ್ನು ಹಿಡಿದು, ತಿಂಗಳಿಗೆ ಒಂದು ಟ್ರಿಪ್ಪಿನ ಬಾಡಿಗೆ ಎಂದು ಒಪ್ಪಿಸಿದ. ಶಾಲು ಹಾರ ಎರಡಕ್ಕೂ ಈ ದುಡ್ಡಿನಲ್ಲಿ ಕಾಸು ಬಿಚ್ಚುವುದಿಲ್ಲವೆಂದು ನನ್ನ ಮುಖ ನೋಡಿಕೊಂಡೇ ತೀರ್ಮಾನವಾಯಿತು.

ಭಾಷಣ ಜಯಮ್ಮನದು. ಅದಕ್ಕೆ ವೇದಿಕೆ ಇಲ್ಲ, ಮೈಕಿಲ್ಲ. ಹೆಂಗಸರು ಬಗ್ಗಿ ನೆಡುತ್ತಿರುತ್ತಾರೆ, ಇವಳು ಬದುವಿನ ಮೇಲೆ ಅವರ ಜೊತೆಜೊತೆಗೇ ನಡೆಯುತ್ತಾ ಹೇಳುತ್ತಾ ಹೋಗುತ್ತಾಳೆ. ಅವರು ಹಿಂದಕ್ಕೆ ಹೆಜ್ಜೆಯಿಟ್ಟರೆ ಇವಳೂ ಹಿಂದಕ್ಕೆ. “ಕೇಳಿದ್ದೇ ಕೇಳ್ತಾರೆ ಅಂತ ರೇಗ್ಬೇಡಿ ಕಣ್ರವ್ವ. ‘ಆಗ್ಲೇ ಹೇಳಿದ್ನಲ್ಲ’ ಅನ್ನೋ ಮಾತು ಮರ್ತ್ಬುಡಿ. ಅವ್ರಿಗೆ ಮರ್ಯಕೆ ಬರೋವಾಗ ನಿಮ್ಗೆ ಅಷ್ಟು ಮರ್ಯಕೆ ಬರಕ್ಕಿಲ್ವಾ? ರವಿಕೆ ಒಳಗೆ ಊರ ಹೆಸ್ರು, ಫೋನ್ ನಂಬ್ರು ಹೊಲಿಸಿ. ನೋಡ್ಕಳೋರು ಉಣ್ಣಿ, ಮಲಗಿ. ಕೋಣೇಲಿ ಹಾಕಿ ಬಾಗ್ಲು ಮಾತ್ರ ಹಾಕ್ಬೇಡಿ. ನಾವು ಹಾಕಿದ್ವಿ.” ಆ ಕೊನೆಯ ಮಾತು ಬಂದಾಗ ನಾನು ಅಲ್ಲಿದ್ದರೆ ಸ್ವಲ್ಪ ದೂರ ಹೋಗಿ ಹೊಂಗೆ ಮರದ ನೆರಳಲ್ಲಿ ನಿಲ್ಲುತ್ತೇನೆ. ಅವಳು ಕರುವಿನ ವಿಷಯ ಎಲ್ಲೂ ಹೇಳುವುದಿಲ್ಲ. ಅದು ಅವಳ ದೊಡ್ಡತನ.

ಕೆ.ಆರ್. ಪೇಟೆಯ ಕಡೆಯ ಗುಂಪುಗಳೂ ಸೇರಿದವು. ನಾಗಮಂಗಲದ ಕಡೆಯ ದೇವಲಾಪುರಕ್ಕೆ ಹೋದಾಗ ಅಲ್ಲಿನ ಹೆಂಗಸರು, “ನಮ್ ತಾವ ಗದ್ದೆ ಎಲ್ಲೈತವ್ವ ನೆಡಕ್ಕೆ?” ಎಂದು ನಕ್ಕರು. ರಾಗಿ ಸೀಮೆಯ ಮಗಳಲ್ಲವೇ ಜಯಮ್ಮ, ಕುಡುಗೋಲು ಇಸಿದುಕೊಂಡು ಹೊಲಕ್ಕೆ ಇಳಿದೇಬಿಟ್ಟಳು. ಅಲ್ಲಿ ಈಗ ರಾಗಿ ಹೊಲದ ಒಂದು ದಿನದ ಕಳೆ ಕೂಲಿ ‘ಅವ್ವನ ಕಳೆ’ ಆಗಿದೆ. ಮೊನ್ನೆ ನಾಗಮಂಗಲದಲ್ಲಿ ಒಬ್ಬರು ನನ್ನನ್ನು ತಡೆದು, “ನೀವು ಆ ಜಯಮ್ಮನೋರ ಯಜಮಾನ್ರಲ್ವಾ?” ಎಂದರು. ಹೌದೆಂದೆ. ಕಾರ್ಯದರ್ಶಿಯಾಗಿದ್ದಾಗಲೂ ನನ್ನನ್ನು ಯಾರೂ ಹಾಗೆ ಗುರುತು ಹಿಡಿದಿರಲಿಲ್ಲ.

ಮಗಳ ಮದುವೆಯೂ ಆಯಿತು. ನೋಡಲು ಬಂದವರಿಗೆ ಕಾಫಿಗೂ ಮೊದಲು ಅವ್ವನನ್ನು ತೋರಿಸಿದೆವು. ಗಂಡಿನ ತಾಯಿ ಅವ್ವನ ಪಕ್ಕದಲ್ಲೇ ಕೂತು, ಅವಳು ಐದು ಸಲ ಊರು ಕೇಳಿದರೆ ಐದು ಸಲವೂ ಹೇಳಿದರು. ಅಲ್ಲಿಗೆ ನಮಗೆ ಬೀಗರು ಯಾರೆಂದು ನಿರ್ಧಾರವಾಗಿ ಹೋಯಿತು.

ಇಷ್ಟೆಲ್ಲ ಆದರೂ ಜಯಮ್ಮನ ತವರಿನ ನಾಲ್ಕು ದಿನ ಮಾತ್ರ ಬಂದಿರಲಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬಂದಿದ್ದುಂಟು, ತಾಯಿಯ ಜೊತೆ ಒಂದು ರಾತ್ರಿ ಮಲಗಿರಲಿಲ್ಲ. ಊರಿನವರ ಮನೆಗಳಿಗೆಲ್ಲ ಕೂರುವವರನ್ನು ಹುಡುಕಿ ಕಳಿಸುವವಳು ತನ್ನ ಮನೆಗೆ ರಾತ್ರಿಗೊಬ್ಬರನ್ನು ಕೇಳಲು ಸಂಕೋಚಪಟ್ಟಳು. ಕೊನೆಗೆ ಚಿಕ್ಕತಾಯಮ್ಮನೇ ಬಂದು ಚಾಪೆ ಹಾಸಿ, “ನೀನು ಓಯ್ತೀಯೋ, ಇಲ್ಲ ನಾವೇ ಎತ್ತಿ ಬಸ್ಸಿಗೆ ಆಕ್ಬೇಕೋ?” ಎಂದಳು. ಈ ನಾಲ್ಕು ದಿನ ಅವ್ವನ ಊಟ, ಮಾತ್ರೆ, ಓಡಾಟ ನನ್ನ ಪಾಲು, ಸ್ನಾನ ಮತ್ತು ರಾತ್ರಿ ಚಿಕ್ಕತಾಯಮ್ಮನ ಪಾಲು ಎಂದು ಹಂಚಿಕೆಯಾಯಿತು. ಅನ್ನ ಕಲಸುವುದನ್ನು ನಾನು ಈ ಎರಡು ವರ್ಷದಲ್ಲಿ ಕಲಿತಿದ್ದೇನೆ. ಈಗ ಅವ್ವ ನನ್ನ ಕೈಯಿಂದ ತಿನ್ನುತ್ತಾಳೆ.

ಹೀಗೆ ಇವತ್ತು, ಬೋರೇಗೌಡನ ಬದುವಿನಿಂದ ಹೊರಟು ಮನೆಗೆ ಬಂದಾಗ ಜಯಮ್ಮ ಹಸಿರು ಸೀರೆ ಉಟ್ಟು, ಬ್ಯಾಗು ಹಿಡಿದು, ಹನ್ನೆರಡನೆಯ ಸಲ ಮಾತ್ರೆಗಳನ್ನು ತೋರಿಸುತ್ತಿದ್ದಳು. ಅವ್ವನನ್ನೂ ಕರೆದುಕೊಂಡು ಬಸ್‌ ಸ್ಟಾಪಿಗೆ ಹೋದೆವು. ನಾಗಮಂಗಲದ ಬಸ್ಸು ಬಂತು. ಜಯಮ್ಮ ಅವ್ವನ ಕೆನ್ನೆ ಸವರಿ, “ಓಗ್ಬುಟ್ ಬತ್ತೀನಿ ಅತ್ತೆ,” ಎಂದು ಹತ್ತಿದಳು. ಅವ್ವ ಬಸ್ಸು ತಿರುವು ದಾಟುವವರೆಗೆ ನೋಡುತ್ತಲೇ ಇದ್ದಳು.

“ಯಾರ್ಲಾ ಅವ್ಳು?”

ಜಯಮ್ಮನ ಪಾಠದಂತೆ ನಾನು ತಿದ್ದಲಿಲ್ಲ. “ಯಾಕವ್ವ?” ಎಂದೆ.

“ಒಳ್ಳೆ ಎಂಗ್ಸು ಕಣ್ಲಾ. ಕೈ ಮೆತ್ತಗೈತೆ, ಕೆಲ್ಸ ಗಟ್ಟಿ. ಒಂದಿನಾನೂ ನನ್ ಮೇಲೆ ರೇಗ್ನಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, ನನ್ನ ನರೆತ ತಲೆಯನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: “ನಿಂಗೂ ಅಂತಾವ್ಳನ್ನೇ ತರ್ಬೇಕು ಅಂತಿವ್ನಿ. ನಿನ್ ಅಣೇಲಿ ಬರ್ದೈತೋ ಇಲ್ವೋ.”

“ಹೂಂ ಕಣವ್ವ,” ಎಂದೆ. ಕೈ ಹಿಡಿದು ಮನೆಗೆ ಕರೆತಂದೆ.

ನಾಗಮಂಗಲದಲ್ಲಿ ಬಸ್ಸು ಬದಲಾಯಿಸುವಾಗ ಜಯಮ್ಮ ಫೋನು ಮಾಡಿದಳು, ಮಾತ್ರೆ ಕೊಟ್ರಾ ಎಂದು. ಕೊಟ್ಟೆ ಎಂದೆ. ಆಮೇಲೆ ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಆ ಕಡೆಯಿಂದ ಬಸ್‌ ಸ್ಟ್ಯಾಂಡಿನ ಗದ್ದಲ ಮಾತ್ರ ಕೇಳಿಸುತ್ತಿತ್ತು.

“ಅತ್ತೆ ಅಂಗಂದ್ರಾ?” ಎಂದಳು ಕೊನೆಗೆ. “ಇನ್ನೊಂದ್ಸಲ ಹೇಳ್ರಿ.”

ಹೇಳಿದೆ. ಮತ್ತೆ ಕೇಳಿದಳು. ಮತ್ತೆ ಹೇಳಿದೆ.